ಕ್ಯಾಮೆರಾ ಕಪ್ಪಾದರೆ ಮಗುವನ್ನು ಬೈಯಬೇಡಿ

(ಕೆಮ್ಮಣ್ಣಿನಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಯ್ಕೆ ಸಮಿತಿಯ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ. ಹೆತ್ತವರ ಕೋರಿಕೆಯ ಮೇರೆಗೆ ಇಲ್ಲಿ ಮುದ್ರಿಸಲಾಗಿದೆ.)

 



ಇಂಥ ಸಭೆಯಲ್ಲಿ ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ವೇದಿಕೆಯಲ್ಲಿದ್ದಾರೆ. ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನನಗೆ ಗೊತ್ತಿರುವ ಒಂದು ಚಿಕ್ಕ ವಿಷಯವನ್ನೇ ಹೇಳುತ್ತೇನೆ. ವಿಡಿಯೊ ಕರೆಯ ನಡುವೆ ಲ್ಯಾಪ್‌ಟಾಪಿನ ಕ್ಯಾಮೆರಾ ಕೈಕೊಟ್ಟರೆ ಏನು ಮಾಡಬೇಕು ಎಂಬುದು ಆ ವಿಷಯ. ಇದಕ್ಕೂ ವಿದ್ಯಾರ್ಥಿವೇತನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ನನ್ನದೇ ತಪ್ಪಿನ ಕಥೆಯಿಂದ ಶುರುಮಾಡುತ್ತೇನೆ.

ಕಳೆದ ವರ್ಷ ಮಳೆಗಾಲದಲ್ಲಿ ನಮ್ಮ ಸಂದರ್ಶನಗಳು ಆನ್‌ಲೈನ್‌ನಲ್ಲಿ ನಡೆದವು. ಒಬ್ಬ ಹುಡುಗಿಯ ಸರದಿ ಬಂತು. ಹೆಸರು ಹೇಳುವುದಿಲ್ಲ. ಹೊಳೆಯಾಚೆಯ ಮನೆ, ತಂದೆ ಇಲ್ಲ, ತಾಯಿ ಬೀಡಿ ಕಟ್ಟುತ್ತಾರೆ. ಪರದೆಯ ಮೇಲೆ ಅವಳ ಹೆಸರು ಬಂತು, ದನಿ ಬಂತು, ಮುಖ ಬರಲಿಲ್ಲ. ಆ ಚೌಕ ಪೂರ್ತಿ ಕಪ್ಪು. "ಕ್ಯಾಮೆರಾ ಆನ್ ಮಾಡಮ್ಮ" ಎಂದೆವು. "ಆನ್ ಇದೆ ಸರ್, ಲೈಟೂ ಉರಿಯುತ್ತಿದೆ" ಎಂದಳು. ಹೊರಗೆ ಹೋಗಿ ಮತ್ತೆ ಬಾ ಎಂದೆವು. ಎರಡು ಸಲ ಹೋಗಿ ಬಂದಳು. ಆಗಲೂ ಕಪ್ಪೇ. ಮೂರನೆಯ ಸಲಕ್ಕೆ ಅವಳ ದನಿ ನಡುಗುತ್ತಿತ್ತು. ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಸುಮ್ಮನಾದಳು. ಸಮಿತಿಯಲ್ಲಿ ಒಬ್ಬರು, "ಉತ್ತರ ಹೇಳುತ್ತಿರುವುದು ಅವಳೇ ಎಂದು ನಮಗೆ ಹೇಗೆ ಗೊತ್ತು?" ಎಂದರು. ನಾನು ಅವಳ ಹೆಸರಿನ ಮುಂದೆ "ಕ್ಯಾಮೆರಾ ಆನ್ ಮಾಡಲಿಲ್ಲ" ಎಂದು ಬರೆದೆ. ಅವಳ ಹೆಸರು ಕಾಯುವವರ ಪಟ್ಟಿಗೆ ಹೋಯಿತು.

ಎರಡು ವಾರ ಕಳೆದ ಮೇಲೆ ಅವಳ ತಾಯಿ ಟ್ರಸ್ಟಿನ ಕಚೇರಿಗೆ ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಲ್ಯಾಪ್‌ಟಾಪ್. ಅದು ನಮ್ಮ ಟ್ರಸ್ಟೇ ಕೊಟ್ಟದ್ದು. ಓದು ಮುಗಿಸಿದ ಇನ್ನೊಬ್ಬ ವಿದ್ಯಾರ್ಥಿಯಿಂದ ವಾಪಸು ಬಂದದ್ದನ್ನು ನಾವು ಅವಳಿಗೆ ಕೊಟ್ಟಿದ್ದೆವು. "ಮಾಸ್ಟ್ರೇ, ಅಂಗಡಿಯವರು ಕ್ಯಾಮೆರಾ ಹೋಗಿದೆ, ಬೇರೆ ಹಾಕಬೇಕು ಎಂದರು. ಅಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ನೀವೇ ರಿಪೇರಿ ಮಾಡಿಸಿ ಬೇರೆ ಮಕ್ಕಳಿಗೆ ಕೊಡಿ" ಎಂದರು. ದೂರು ಹೇಳಲು ಬಂದವರಲ್ಲ ಅವರು, ವಸ್ತುವನ್ನು ಹಿಂತಿರುಗಿಸಲು ಬಂದವರು.

ನಾನು ತೆರೆದು ನೋಡಿದೆ. ಪರದೆಯ ಮೇಲಂಚಿನಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಒಂದು ಗುಂಡಿ ಇತ್ತು. ಉಗುರಿನಿಂದ ಪಕ್ಕಕ್ಕೆ ಸರಿಸಿದೆ. ಪರದೆಯ ಮೇಲೆ ನನ್ನದೇ ಮುಖ ಕಂಡಿತು.

ಅದು ಕ್ಯಾಮೆರಾದ ಮುಚ್ಚಳ. ಹಿಂದೆ ಬಳಸಿದ ವಿದ್ಯಾರ್ಥಿ ಮುಚ್ಚಿಟ್ಟಿದ್ದ. ಈ ಹುಡುಗಿಗೆ ಅಂಥದ್ದೊಂದು ಇದೆ ಎಂದೇ ಯಾರೂ ಹೇಳಿರಲಿಲ್ಲ. ಆದರೆ ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. "ಲೈಟ್ ಉರಿಯುತ್ತಿದೆ ಸರ್" ಎಂದು ಅವಳು ಆ ದಿನವೇ ಹೇಳಿದ್ದಳು. ಲೈಟ್ ಉರಿಯುತ್ತಿದೆ, ಚಿತ್ರ ಪೂರ್ತಿ ಕಪ್ಪು ಎಂದರೆ ಕ್ಯಾಮೆರಾ ಕೆಲಸ ಮಾಡುತ್ತಿದೆ, ಅದರ ಕಣ್ಣಿಗೆ ಏನೋ ಅಡ್ಡ ಬಂದಿದೆ ಎಂದರ್ಥ. ಇಷ್ಟು ವರ್ಷ ಲ್ಯಾಬಿನಲ್ಲಿದ್ದ ನನಗೆ ಅದು ಹೊಳೆಯಬೇಕಿತ್ತು. ಅವಳು ಕಾಯಿಲೆಯ ಲಕ್ಷಣ ಸರಿಯಾಗಿಯೇ ಹೇಳಿದ್ದಳು. ನಾನು ಅವಳ ಮಾತು ಕೇಳಿಸಿಕೊಳ್ಳದೆ ಷರಾ ಬರೆದಿದ್ದೆ.

ಆದ್ದರಿಂದ ಈ ವರ್ಷ ನಾನೇ ಕೇಳಿ ಈ ಹತ್ತು ನಿಮಿಷ ಪಡೆದಿದ್ದೇನೆ.

ಈ ಪುಟ್ಟ ಕಣ್ಣು ನಮಗೆ ಯಾಕೆ ಮುಖ್ಯ

ಜಗತ್ತಿನ ಮೊದಲ ವೆಬ್‌ಕ್ಯಾಮ್ ಎಂದು ಕರೆಯುವ ಕ್ಯಾಮೆರಾ ಏನನ್ನು ನೋಡುತ್ತಿತ್ತು ಗೊತ್ತೇ? ಕಾಫಿ ಪಾತ್ರೆಯನ್ನು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ದೂರದ ಕೊಠಡಿಗಳಲ್ಲಿ ಕೂರುವವರು ಕಾಫಿಗೆಂದು ನಡೆದು ಬಂದು ಖಾಲಿ ಪಾತ್ರೆ ನೋಡಿ ವಾಪಸು ಹೋಗಬೇಕಾಗುತ್ತಿತ್ತು. ಅದಕ್ಕೆ ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟರು. 1993ರಲ್ಲಿ ಅದರ ಚಿತ್ರ ಇಂಟರ್ನೆಟ್ಟಿಗೆ ಬಂತು, 2001ರಲ್ಲಿ ಅದನ್ನು ನಿಲ್ಲಿಸಿದರು. ವ್ಯರ್ಥ ನಡೆದಾಟ ತಪ್ಪಿಸುವುದಷ್ಟೇ ಅದರ ಉದ್ದೇಶ.

ನಮಗೂ ಅದು ಮಾಡುತ್ತಿರುವುದು ಇದನ್ನೇ. ಕಾರ್ಕಳದ ಒಳಗಿನ ಊರಿನಿಂದ ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು, ಹತ್ತು ನಿಮಿಷದ ಸಂದರ್ಶನಕ್ಕೆ ಇಲ್ಲಿಗೆ ಬರುವ ಕಷ್ಟ ತಪ್ಪಿದೆ. ಗಲ್ಫಿನಲ್ಲಿರುವ ತಂದೆ ಮಗುವಿನ ಸಂದರ್ಶನದಲ್ಲಿ ತಾನೂ ಕೂರಬಹುದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದ ಮೇಲೆ ಪಾಠ, ಪರೀಕ್ಷೆ, ಕೆಲಸದ ಸಂದರ್ಶನ ಎಲ್ಲ ಪರದೆಗೆ ಬಂದವು. ಝೂಮ್ ಒಂದರಲ್ಲೇ ದಿನಕ್ಕೆ ಸೇರುವವರ ಲೆಕ್ಕ 2019ರ ಡಿಸೆಂಬರಿನಲ್ಲಿ ಒಂದು ಕೋಟಿ ಇದ್ದದ್ದು 2020ರ ಏಪ್ರಿಲ್ ಹೊತ್ತಿಗೆ ಮೂವತ್ತು ಕೋಟಿ ಆಯಿತು. ಕಾಯಿಲೆ ಹೋಯಿತು, ಆ ಪದ್ಧತಿ ಹೋಗಲಿಲ್ಲ. ವಿದೇಶದಲ್ಲಿ ಓದಲು ಬರೆಯುವ ಜಿಆರ್‌ಇ, ಟೋಫೆಲ್ ಪರೀಕ್ಷೆಗಳನ್ನು ಇಂದೂ ಮನೆಯಲ್ಲೇ ಕುಳಿತು ಬರೆಯಬಹುದು, ಕ್ಯಾಮೆರಾ ಸರಿ ಇದ್ದರೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನ ನೋಂದಣಿಗೂ ಈಗ ಮೊಬೈಲ್ ಕ್ಯಾಮೆರಾಕ್ಕೆ ಮುಖ ತೋರಿಸಬೇಕು.

ಅಂದರೆ ಈ ಕಣ್ಣು ತೆರೆಯದೆ ಹೋದರೆ ಒಂದು ಬಾಗಿಲು ಮುಚ್ಚಬಹುದು. ಆದರೆ ಕ್ಯಾಮೆರಾ ನಿಜವಾಗಿ ಹಾಳಾಗುವುದು ಕಡಿಮೆ. ನಾನು ನೋಡಿದ ಹೆಚ್ಚಿನ ಪ್ರಕರಣಗಳಲ್ಲಿ ಖರ್ಚಿಲ್ಲದೆ ಸರಿಯಾಗಿದೆ. ಕ್ರಮವಾಗಿ ನೋಡಬೇಕು, ಅಷ್ಟೇ.

ಐದು ಕಡೆ ನೋಡಿ, ಇದೇ ಕ್ರಮದಲ್ಲಿ

ಮೊದಲನೆಯದು ಮುಚ್ಚಳ. ಪರದೆಯ ಮೇಲಂಚನ್ನು ಬೆಳಕಿನಲ್ಲಿ ನೋಡಿ. ಸರಿಸುವ ಗುಂಡಿ ಇದೆಯೇ, ಯಾರಾದರೂ ಸ್ಟಿಕ್ಕರ್ ಅಂಟಿಸಿದ್ದಾರೆಯೇ? ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಳದ ಬದಲು ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಕ್ಯಾಮೆರಾದ ಚಿತ್ರಕ್ಕೆ ಅಡ್ಡಗೆರೆ ಹಾಕಿದ ಒಂದು ಕೀಲಿ ಇರುತ್ತದೆ. ಕೆಲವುಗಳಲ್ಲಿ ಬದಿಯಲ್ಲಿ ಸ್ವಿಚ್ ಇರುತ್ತದೆ. ಮಕ್ಕಳು ಧ್ವನಿ ಹೆಚ್ಚಿಸಲು ಹೋಗಿ ಆ ಕೀಲಿ ಒತ್ತಿಬಿಡುತ್ತಾರೆ. ವ್ಯತ್ಯಾಸ ನೆನಪಿಡಿ: ಮುಚ್ಚಳ ಮುಚ್ಚಿದ್ದರೆ ಲೈಟ್ ಉರಿಯುತ್ತದೆ, ಚಿತ್ರ ಕಪ್ಪಾಗಿರುತ್ತದೆ. ಕೀಲಿಯಿಂದ ಆರಿಸಿದ್ದರೆ ಲೈಟ್ ಸಾಮಾನ್ಯವಾಗಿ ಉರಿಯುವುದಿಲ್ಲ, ಕೆಲವೊಮ್ಮೆ ಕ್ಯಾಮೆರಾವೇ ಇಲ್ಲ ಎಂದು ಕಂಪ್ಯೂಟರ್ ಹೇಳುತ್ತದೆ.

ಎರಡನೆಯದು ಅನುಮತಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಪ್ರೈವೆಸಿ ಆಂಡ್ ಸೆಕ್ಯುರಿಟಿ, ಅದರೊಳಗೆ ಕ್ಯಾಮೆರಾ. ವಿಂಡೋಸ್ 10 ಆದರೆ ಸೆಟ್ಟಿಂಗ್ಸ್, ಪ್ರೈವೆಸಿ, ಕ್ಯಾಮೆರಾ. ಅಲ್ಲಿ ಒಂದರ ಕೆಳಗೆ ಒಂದು ಸ್ವಿಚ್‌ಗಳಿವೆ. ಎಲ್ಲಕ್ಕಿಂತ ಮೇಲಿನದು ಆರಿದ್ದರೆ ಕೆಳಗಿನವು ಯಾವುದೂ ನಡೆಯುವುದಿಲ್ಲ. ಕೊನೆಯಲ್ಲಿ ಡೆಸ್ಕ್‌ಟಾಪ್ ಅಪ್ಲಿಕೇಶನ್‌ಗಳಿಗೆಂದು ಬೇರೆಯೇ ಸ್ವಿಚ್ ಇದೆ. ಝೂಮ್, ಕ್ರೋಮ್ ಮುಂತಾದವು ಅದರ ಅಡಿಯಲ್ಲಿ ಬರುತ್ತವೆ. ಹೆಚ್ಚಿನವರು ಮೇಲಿನದನ್ನು ಮಾತ್ರ ನೋಡಿ ಬಿಟ್ಟುಬಿಡುತ್ತಾರೆ. ಅಲ್ಲಿಗೇ ಮುಗಿಯಲಿಲ್ಲ. ಬ್ರೌಸರಿನಲ್ಲಿ ಕರೆ ಮಾಡುವಾಗ ಬ್ರೌಸರ್ ಕೂಡ ಒಮ್ಮೆ ಅನುಮತಿ ಕೇಳುತ್ತದೆ. ಗಡಿಬಿಡಿಯಲ್ಲಿ ಬ್ಲಾಕ್ ಎಂದು ಒತ್ತಿದರೆ ಆ ತಾಣಕ್ಕೆ ಅದು ಮತ್ತೆ ಕೇಳುವುದೇ ಇಲ್ಲ. ವಿಳಾಸ ಬರೆಯುವ ಪಟ್ಟಿಯ ಎಡಭಾಗದ ಚಿಹ್ನೆ ಒತ್ತಿ, ಕ್ಯಾಮೆರಾವನ್ನು ಅಲೌ ಎಂದು ಬದಲಿಸಿ, ಪುಟವನ್ನು ಮತ್ತೆ ತೆರೆಯಬೇಕು. ಕೆಲವು ಆಂಟಿವೈರಸ್‌ಗಳೂ ಕ್ಯಾಮೆರಾವನ್ನು ಕಾವಲು ಕಾಯುತ್ತವೆ. ಅದನ್ನೂ ನೋಡಿ.

ಮೂರನೆಯದು, ಕ್ಯಾಮೆರಾವನ್ನು ಬೇರೆ ಯಾರೋ ಹಿಡಿದುಕೊಂಡಿರುವುದು. ಹಿರಿಯರಿಗೆ ನೆನಪಿರಬಹುದು, ಹಿಂದೆ ಎಸ್‌ಟಿಡಿ ಬೂತಿನಲ್ಲಿ ಒಬ್ಬರು ಗಲ್ಫಿಗೆ ಮಾತನಾಡುತ್ತಿದ್ದರೆ ಉಳಿದವರು ಹೊರಗೆ ಸಾಲಿನಲ್ಲಿ ನಿಲ್ಲಬೇಕಿತ್ತು. ಕ್ಯಾಮೆರಾವೂ ಸಾಮಾನ್ಯವಾಗಿ ಹಾಗೆಯೇ, ಒಂದು ಸಮಯಕ್ಕೆ ಒಂದೇ ಅಪ್ಲಿಕೇಶನ್‌ಗೆ ಸಿಗುತ್ತದೆ. ಬೆಳಿಗ್ಗೆ ಕಾಲೇಜಿನ ತರಗತಿ ಟೀಮ್ಸ್‌ನಲ್ಲಿ ಆಗಿದೆ, ಅದನ್ನು ಮುಚ್ಚದೆ ಮಧ್ಯಾಹ್ನ ಗೂಗಲ್ ಮೀಟ್ ತೆರೆದರೆ ಎರಡನೆಯದಕ್ಕೆ ಚಿತ್ರ ಸಿಗದೆ ಹೋಗಬಹುದು. ಕಿಟಕಿ ಮುಚ್ಚಿದರೂ ಕೆಲವು ಅಪ್ಲಿಕೇಶನ್‌ಗಳು ಒಳಗೆ ಓಡುತ್ತಲೇ ಇರುತ್ತವೆ. ಪರದೆಯ ಕೆಳಗೆ ಬಲಮೂಲೆಯ ಚಿಕ್ಕ ಬಾಣದ ಗುರುತು ಒತ್ತಿದರೆ ಅವು ಕಾಣುತ್ತವೆ. ಅಲ್ಲಿ ಬಲ ಕ್ಲಿಕ್ ಮಾಡಿ ಕ್ವಿಟ್ ಕೊಡಿ. ವಿಂಡೋಸಿನದೇ ಆದ ಕ್ಯಾಮೆರಾ ಅಪ್ಲಿಕೇಶನ್ ತೆರೆದರೆ ಅದು ಒಂದು ಸಂಕೇತ ಸಂಖ್ಯೆ ತೋರಿಸುತ್ತದೆ. ಕೊನೆಯ ನಾಲ್ಕು ಅಂಕೆ 4243 ಇದ್ದರೆ ಬೇರೆ ಅಪ್ಲಿಕೇಶನ್ ಹಿಡಿದುಕೊಂಡಿದೆ ಎಂದರ್ಥ. 4244 ಇದ್ದರೆ ಕಂಪ್ಯೂಟರಿಗೆ ಕ್ಯಾಮೆರಾವೇ ಸಿಗುತ್ತಿಲ್ಲ. ನಮಗೆ ಫೋನ್ ಮಾಡುವಾಗ ಆ ಸಂಖ್ಯೆ ಹೇಳಿದರೆ ಅರ್ಧ ಕೆಲಸ ಆದಂತೆ.

ಇಲ್ಲಿ ಒಂದು ಚಿಕ್ಕ ಗುಟ್ಟು. ಕಂಪ್ಯೂಟರನ್ನು ಶಟ್‌ಡೌನ್ ಮಾಡಿ ತೆರೆಯುವುದೂ ರೀಸ್ಟಾರ್ಟ್ ಮಾಡುವುದೂ ಒಂದೇ ಅಲ್ಲ. ಬೇಗ ತೆರೆಯಲಿ ಎಂದು ವಿಂಡೋಸ್ ಶಟ್‌ಡೌನ್ ಮಾಡುವಾಗ ಒಳಗಿನ ಸ್ಥಿತಿಯ ಒಂದು ಭಾಗವನ್ನು ಹಾಗೆಯೇ ಕಟ್ಟಿಡುತ್ತದೆ, ತೊಂದರೆಯೂ ಅದರ ಜೊತೆ ಉಳಿಯಬಹುದು. ರೀಸ್ಟಾರ್ಟ್ ಮಾಡಿದರೆ ಎಲ್ಲ ಹೊಸದಾಗಿ ಶುರುವಾಗುತ್ತದೆ. "ಆಫ್ ಮಾಡಿ ಆನ್ ಮಾಡಿದೆ, ಆಗಲಿಲ್ಲ" ಎನ್ನುವವರಿಗೆ ನಾನು ಹೇಳುವುದು, ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ನಾಲ್ಕನೆಯದು ಡ್ರೈವರ್. ಕ್ಯಾಮೆರಾಕ್ಕೂ ಕಂಪ್ಯೂಟರಿಗೂ ನಡುವೆ ಮಾತು ತಿಳಿಸುವ ದುಭಾಷಿ ಅದು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ, ಕ್ಯಾಮೆರಾಸ್ ಎಂಬ ಸಾಲನ್ನು ಬಿಡಿಸಿ. ಕ್ಯಾಮೆರಾದ ಹೆಸರಿನ ಮೇಲೆ ಕೆಳಮುಖ ಬಾಣ ಇದ್ದರೆ ಯಾರೋ ಅದನ್ನು ಡಿಸೇಬಲ್ ಮಾಡಿದ್ದಾರೆ. ಬಲ ಕ್ಲಿಕ್ ಮಾಡಿ ಎನೇಬಲ್ ಮಾಡಿ. ಹಳದಿ ತ್ರಿಕೋನ ಇದ್ದರೆ ದುಭಾಷಿಗೆ ಭಾಷೆ ಮರೆತಿದೆ. ಬಲ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಡಿವೈಸ್ ಕೊಡಿ. ಡ್ರೈವರನ್ನೂ ಅಳಿಸಬೇಕೇ ಎಂದು ಕೇಳುವ ಚೌಕಕ್ಕೆ ಮೊದಲ ಸಲ ಗುರುತು ಹಾಕಬೇಡಿ. ನಂತರ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ತಾನೇ ಕ್ಯಾಮೆರಾವನ್ನು ಹುಡುಕಿ ಮತ್ತೆ ಜೋಡಿಸುತ್ತದೆ. ನಿನ್ನೆಯವರೆಗೆ ಸರಿ ಇದ್ದು, ಅಪ್‌ಡೇಟ್ ಆದ ಮರುದಿನ ನಿಂತದ್ದಾದರೆ, ಅಲ್ಲೇ ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಎಂಬುದನ್ನು ಒತ್ತಬಹುದಾದರೆ ಹಳೆಯದಕ್ಕೆ ಮರಳಿ.

ಅಪ್‌ಡೇಟಿನಿಂದ ಹೀಗಾಗುವುದು ಕಲ್ಪನೆಯಲ್ಲ. 2016ರ ಆಗಸ್ಟಿನಲ್ಲಿ ವಿಂಡೋಸ್ 10ಕ್ಕೆ ಬಂದ ದೊಡ್ಡ ಅಪ್‌ಡೇಟಿನ ನಂತರ ಜಗತ್ತಿನ ಎಷ್ಟೋ ಕಡೆ ವೆಬ್‌ಕ್ಯಾಮ್‌ಗಳು ಕರೆಯ ನಡುವೆಯೇ ನಿಂತುಹೋಗತೊಡಗಿದವು. ಹಲವು ಕ್ಯಾಮೆರಾಗಳು ಚಿತ್ರವನ್ನು ತಾವೇ ಕುಗ್ಗಿಸಿ ಕಳಿಸುವ ರೀತಿಯನ್ನು ಆ ಅಪ್‌ಡೇಟ್ ಕೈಬಿಟ್ಟದ್ದು ಕಾರಣವಾಗಿತ್ತು. ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು ಆಮೇಲೆ ಸರಿಪಡಿಸಿತು. ಅಷ್ಟು ದೊಡ್ಡ ಕಂಪನಿಯ ಕೈಯಲ್ಲೇ ಹೀಗಾಗುವಾಗ, ಕ್ಯಾಮೆರಾ ನಿಂತಿತೆಂದು ಮನೆಯ ಮಗುವಿಗೆ "ನೀನೇ ಏನೋ ಮಾಡಿದ್ದಿ" ಎನ್ನುವುದು ನ್ಯಾಯವಲ್ಲ.

ಐದನೆಯದು, ಕೊನೆಯದು, ವಸ್ತುವೇ ಕೆಟ್ಟಿರುವುದು. ಲ್ಯಾಪ್‌ಟಾಪಿನ ಕ್ಯಾಮೆರಾ ಒಳಗೇ ಇದ್ದರೂ ಹೆಚ್ಚಾಗಿ ಯುಎಸ್‌ಬಿ ಮೂಲಕವೇ ಜೋಡಿಸಿರುತ್ತಾರೆ. ಅದರ ತೆಳುವಾದ ಕೇಬಲ್ ಪರದೆ ಮಡಚುವ ಹಿಂಜಿನ ಹತ್ತಿರ ಹಾದು ಹೋಗುತ್ತದೆ. ದಿನಾ ತೆರೆದು ಮುಚ್ಚಿ ಅದು ಸವೆಯುತ್ತದೆ. ಪರದೆಯನ್ನು ಸ್ವಲ್ಪ ಹಿಂದೆ ಮುಂದೆ ವಾಲಿಸಿದಾಗ ಚಿತ್ರ ಬಂದು ಹೋಗುತ್ತಿದ್ದರೆ ಕೇಬಲ್ ದೋಷವೇ ಇರಬೇಕು. ಪರದೆಯನ್ನು ಒಂದು ಮೂಲೆ ಹಿಡಿದು ಎತ್ತುವ ಅಭ್ಯಾಸ ಬಿಡಿ, ನಡುವಿನಲ್ಲಿ ಹಿಡಿದು ತೆರೆಯಿರಿ. ನಮ್ಮ ಕಡಲ ತೀರದ ಹವೆಯಲ್ಲಿ ಉಪ್ಪು, ಮಳೆಗಾಲದಲ್ಲಿ ತೇವ. ತಿಂಗಳುಗಟ್ಟಲೆ ಚೀಲದಲ್ಲಿ ಮುಚ್ಚಿಟ್ಟ ಲ್ಯಾಪ್‌ಟಾಪಿಗೆ ಅದು ಒಳ್ಳೆಯದಲ್ಲ. ರಜೆಯಲ್ಲೂ ವಾರಕ್ಕೊಮ್ಮೆ ತೆರೆದು ಸ್ವಲ್ಪ ಹೊತ್ತು ಬಳಸಿ. ಚಿತ್ರ ಮಸುಕಾಗಿದ್ದರೆ ಒಣಗಿದ ಮೆತ್ತನೆಯ ಬಟ್ಟೆಯಿಂದ ಕಣ್ಣನ್ನು ಒರೆಸಿದರೆ ಸಾಕು, ನೀರು ತಾಗಿಸಬೇಡಿ.

ಈ ಐದೂ ನೋಡಿದ ಮೇಲೆ ಮಾತ್ರ ಅಂಗಡಿಗೆ ಹೋಗಿ. ಹೋದರೂ, "ಹೊರಗಿನ ಯುಎಸ್‌ಬಿ ಕ್ಯಾಮೆರಾ ಸಿಕ್ಕಿಸಿದರೆ ಬರುತ್ತದೆಯೇ, ಒಮ್ಮೆ ತೋರಿಸಿ" ಎಂದು ಕೇಳಿ. ಅದರಲ್ಲಿ ಚಿತ್ರ ಬಂದರೆ ಒಳಗಿನದನ್ನು ಬಿಚ್ಚಿಸದೆ ಹೊರಗಿನದರಲ್ಲೇ ಕೆಲಸ ನಡೆಸಬಹುದು. ಅದರಲ್ಲೂ ಬಾರದಿದ್ದರೆ ದೋಷ ಹೆಚ್ಚಾಗಿ ಸೆಟ್ಟಿಂಗಿನದು, ಕ್ಯಾಮೆರಾದ್ದಲ್ಲ.

ಕರೆಯ ನಡುವೆಯೇ ಹೋದರೆ

ಪರೀಕ್ಷೆ ಮಾಡಿಯೇ ಕೂತಿದ್ದೀರಿ, ಮಾತಿನ ನಡುವೆ ಚಿತ್ರ ಹೋಯಿತು. ಮೊದಲು ನಿಮ್ಮದೇ ಚೌಕವನ್ನು ನೋಡಿ. ನಿಮ್ಮ ಮುಖ ನಿಮಗೆ ಸರಿಯಾಗಿ ಕಾಣುತ್ತಿದೆ, ಅವರಿಗೆ ಕಾಣುತ್ತಿಲ್ಲ ಎಂದಾದರೆ ಕ್ಯಾಮೆರಾ ಸರಿ ಇದೆ, ನೆಟ್‌ವರ್ಕ್ ಸಾಲದು. ಮನೆಯ ಬೇರೆ ಫೋನ್‌ಗಳ ವೈಫೈ ಸ್ವಲ್ಪ ಹೊತ್ತು ಆರಿಸಿ, ಕಿಟಕಿಯ ಹತ್ತಿರ ಬನ್ನಿ. ನಿಮ್ಮ ಚೌಕವೂ ಕಪ್ಪು ಅಥವಾ ನಿಂತ ಚಿತ್ರವಾದರೆ ಅದು ಕ್ಯಾಮೆರಾದ ವಿಷಯ. ವಿಡಿಯೊ ಗುಂಡಿಯನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿ. ಆಗದಿದ್ದರೆ ವಿಡಿಯೊ ಗುಂಡಿಯ ಪಕ್ಕದ ಬಾಣ ಒತ್ತಿ, ಬೇರೆ ಕ್ಯಾಮೆರಾ ಆಯ್ಕೆಯಾಗಿದೆಯೇ ನೋಡಿ. ಹಿನ್ನೆಲೆ ಮಸುಕು ಮಾಡುವುದನ್ನೂ ಹಿನ್ನೆಲೆ ಚಿತ್ರವನ್ನೂ ತೆಗೆದುಬಿಡಿ. ಹಳೆಯ ಲ್ಯಾಪ್‌ಟಾಪಿಗೆ ಅದು ದೊಡ್ಡ ಹೊರೆ, ಬಿಸಿಯಾಗಿ ಚಿತ್ರ ನಿಲ್ಲುತ್ತದೆ.

ಆಗಲೂ ಬಾರದಿದ್ದರೆ ಹೆದರಬೇಡಿ, ಕರೆಯಿಂದ ಹೊರಗೆ ಹೋಗಲೂ ಬೇಡಿ. "ಸರ್, ನನ್ನ ಕ್ಯಾಮೆರಾ ನಿಂತಿದೆ, ದನಿ ಕೇಳುತ್ತಿದೆಯೇ? ಎರಡು ನಿಮಿಷದಲ್ಲಿ ಫೋನಿನಿಂದ ಸೇರುತ್ತೇನೆ" ಎಂದು ಧೈರ್ಯವಾಗಿ ಹೇಳಿ. ಅದೇ ಲಿಂಕನ್ನು ಮೊಬೈಲಿನಲ್ಲಿ ತೆರೆಯಿರಿ, ಫೋನನ್ನು ಪುಸ್ತಕದ ಮೇಲೆ ಒರಗಿಸಿಡಿ. ಎರಡರಲ್ಲೂ ದನಿ ಇದ್ದರೆ ಕೀರಲು ಸದ್ದು ಬರುತ್ತದೆ, ಆದ್ದರಿಂದ ಲ್ಯಾಪ್‌ಟಾಪಿನ ಮೈಕ್ ಮತ್ತು ಸ್ಪೀಕರ್ ಆರಿಸಿ. ಇದಕ್ಕಾಗಿ ಸಂದರ್ಶನದ ದಿನ ಲಿಂಕ್ ಫೋನಿನಲ್ಲೂ ಇರಲಿ, ಫೋನ್ ಚಾರ್ಜ್ ಆಗಿರಲಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ.

ಗಲ್ಫಿನ ತಂದೆಯಂದಿರಿಗೂ ಒಂದು ಮಾತು. ದುಬೈ, ಅಬುಧಾಬಿಯಲ್ಲಿ ವಾಟ್ಸಾಪ್ ವಿಡಿಯೊ ಕರೆ ಬಾರದಿದ್ದರೆ ಅದು ಮಗುವಿನ ಕ್ಯಾಮೆರಾದ ದೋಷವಲ್ಲ, ಅಲ್ಲಿನ ನಿಯಮ. ಅಲ್ಲಿ ಬೋಟಿಮ್‌ನಂಥ ಅನುಮತಿ ಪಡೆದ ಅಪ್ಲಿಕೇಶನ್ ಬೇಕು. ನಮ್ಮ ಸಂದರ್ಶನದ ಲಿಂಕ್ ಅಲ್ಲಿ ತೆರೆಯುತ್ತದೆಯೇ ಎಂದು ಒಂದು ದಿನ ಮೊದಲೇ ನೋಡಿಕೊಳ್ಳಿ. ಸಮಯವನ್ನೂ ಲೆಕ್ಕ ಹಾಕಿ: ಇಲ್ಲಿ ಹತ್ತೂವರೆ ಎಂದರೆ ದುಬೈಯಲ್ಲಿ ಒಂಬತ್ತು, ಜಿದ್ದಾದಲ್ಲಿ ಎಂಟು.

ಎರಡು ಎಚ್ಚರಿಕೆಯ ಮಾತು

ಒಂದು: ಕ್ಯಾಮೆರಾ ಸರಿಪಡಿಸಲು ಇಂಟರ್ನೆಟ್ಟಿನಲ್ಲಿ ಸಹಾಯವಾಣಿಯ ನಂಬರು ಹುಡುಕಿ ಫೋನ್ ಮಾಡಬೇಡಿ. ಹಾಗೆ ಸಿಗುವ ಎಷ್ಟೋ ನಂಬರುಗಳು ವಂಚಕರವು. ನಿಮ್ಮ ಕಂಪ್ಯೂಟರನ್ನು ಅವರೇ ದೂರದಿಂದ ನಡೆಸುವಂಥ ಅಪ್ಲಿಕೇಶನ್ ಹಾಕಿಸುತ್ತಾರೆ, ಆಮೇಲೆ ಬ್ಯಾಂಕ್ ಖಾತೆಗೆ ಕೈ ಹಾಕುತ್ತಾರೆ. ವಿದ್ಯಾರ್ಥಿವೇತನದ ಹಣ ಬಂದಿರುವ ಖಾತೆ ಅದು. ಮೋಸ ಹೋದರೆ ನಾಚಿಕೆಪಟ್ಟು ಮುಚ್ಚಿಡದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸರಕಾರಿ ಸಹಾಯವಾಣಿ.

ಎರಡು: ಕ್ಯಾಮೆರಾದ ಮುಚ್ಚಳ ಕೆಟ್ಟದ್ದಲ್ಲ. ನನ್ನ ಕಥೆ ಕೇಳಿ ಮುಚ್ಚಳವನ್ನೇ ಕಿತ್ತು ಬಿಸಾಡಬೇಡಿ. ಹೆಣ್ಣುಮಕ್ಕಳು ಅದನ್ನು ಮುಚ್ಚಿಡುತ್ತಾರೆ, ಸರಿಯಾಗಿಯೇ ಮಾಡುತ್ತಾರೆ. ಕರೆ ಮುಗಿದ ಮೇಲೆ ಮುಚ್ಚಿ, ಕರೆಗೆ ಮೊದಲು ತೆರೆಯಿರಿ. ಮುಚ್ಚಳ ಇಲ್ಲದ ಲ್ಯಾಪ್‌ಟಾಪಿಗೆ ಕಾಗದದ ತುಂಡು ಸಾಕು. ದಪ್ಪ ಪ್ಲಾಸ್ಟಿಕ್ ಅಂಟಿಸಿ ಮಡಚಿದರೆ ಪರದೆಗೇ ಪೆಟ್ಟಾಗಬಹುದು.

ದಾನಿಗಳಲ್ಲಿ ಮತ್ತು ಸಮಿತಿಯಲ್ಲಿ ವಿನಂತಿ

ದಾನಿಗಳೇ, ನೀವು ಲ್ಯಾಪ್‌ಟಾಪ್ ಕೊಡುತ್ತೀರಿ, ನಾವು ಫೋಟೊ ತೆಗೆದು ಮಗುವಿನ ಕೈಗೆ ಕೊಡುತ್ತೇವೆ. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡದ್ದು ನಮ್ಮ ತಪ್ಪು. ಕೊಟ್ಟದ್ದು ಕೆಲಸ ಮಾಡುತ್ತಿದೆಯೇ ಎಂದು ನೋಡುವವರೂ ಬೇಕು. ಈ ವರ್ಷದಿಂದ ಕೊಡುವ ಮೊದಲು ಪ್ರತಿಯೊಂದು ಯಂತ್ರದಲ್ಲೂ ಕ್ಯಾಮೆರಾ, ಮೈಕ್, ಬ್ಯಾಟರಿ ಪರೀಕ್ಷೆ ಮಾಡುತ್ತೇವೆ. ಹಳೆಯ ಲ್ಯಾಪ್‌ಟಾಪ್ ಕೊಡುವವರು ಒಂದು ವಿಷಯ ಗಮನಿಸಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಹಳ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಹಿಡಿಸುವುದಿಲ್ಲ. ಕೊಡುವ ಮುನ್ನ ನಮ್ಮಲ್ಲಿ ಒಮ್ಮೆ ಕೇಳಿ. ಹೊಸ ಲ್ಯಾಪ್‌ಟಾಪ್ ಕೊಡಲು ಆಗದವರು ಒಂದು ಹೊರಗಿನ ಕ್ಯಾಮೆರಾ, ಒಂದು ಹೆಡ್‌ಫೋನ್ ಕೊಟ್ಟರೂ ಅದು ಕಚೇರಿಯಲ್ಲಿದ್ದು ಸಂದರ್ಶನದ ವಾರದಲ್ಲಿ ಹಲವು ಮಕ್ಕಳ ಕೈ ಸೇರುತ್ತದೆ.

ಸಮಿತಿಯ ಗೆಳೆಯರೇ, ಇದು ನನಗೂ ಸೇರಿ ಹೇಳುವ ಮಾತು. ಮಗುವಿನ ಮುಖ ಕಾಣದಿದ್ದರೆ ಅದು ಅವಿಧೇಯತೆ ಅಲ್ಲ. ಕೆಲವು ಮಕ್ಕಳು ಕ್ಯಾಮೆರಾ ಹಾಕಲು ಹಿಂಜರಿಯುವುದು ಮನೆ ಕಾಣುತ್ತದೆ ಎಂಬ ಸಂಕೋಚಕ್ಕೆ. ಒಂದೇ ಕೋಣೆಯ ಮನೆ, ಹಿಂದೆ ತಮ್ಮ ಮಲಗಿದ್ದಾನೆ, ಅಜ್ಜಿ ಕೆಮ್ಮುತ್ತಿದ್ದಾರೆ. ಮಕ್ಕಳೇ, ಗೋಡೆಗೆ ಬೆನ್ನು ಕೊಟ್ಟು, ಕಿಟಕಿಗೆ ಮುಖ ಮಾಡಿ ಕೂರಿ. ನಿಮ್ಮ ಮುಖ ಚೆನ್ನಾಗಿ ಕಾಣುತ್ತದೆ, ಮನೆ ಕಾಣುವುದಿಲ್ಲ. ನಮಗೆ ನಿಮ್ಮ ಮನೆ ನೋಡಬೇಕಾಗಿಲ್ಲ.

ಟ್ರಸ್ಟಿನ ಆಡಳಿತ ಮಂಡಳಿ ಒಪ್ಪಿರುವ ಈ ಸಾಲಿನ ಕ್ರಮ ಹೀಗಿದೆ. ಅರ್ಜಿದಾರರು ದಯವಿಟ್ಟು ಗಮನಿಸಿ. ಸಂದರ್ಶನದ ಹಿಂದಿನ ದಿನ ಸಂಜೆ ಪ್ರತಿಯೊಬ್ಬರಿಗೂ ಪರೀಕ್ಷಾ ಕರೆ ಇರುತ್ತದೆ, ಅದಕ್ಕೆ ಅಂಕ ಇಲ್ಲ. ಸಂದರ್ಶನದ ನಡುವೆ ಕ್ಯಾಮೆರಾ ನಿಂತರೆ ಫೋನಿನಿಂದ ಸೇರಲು ಸಮಯ ಕೊಡಲಾಗುವುದು. ಅದೂ ಆಗದಿದ್ದರೆ ಬೇರೆ ದಿನ ನೀಡಲಾಗುವುದು, ಇಲ್ಲವೇ ಕಚೇರಿಗೆ ಬಂದು ಇಲ್ಲಿನ ಕಂಪ್ಯೂಟರಿನಲ್ಲಿ ಕೂರಬಹುದು. ಕ್ಯಾಮೆರಾದ ಕಾರಣಕ್ಕೆ ಯಾರ ಅಂಕವನ್ನೂ ಕಡಿಮೆ ಮಾಡುವುದಿಲ್ಲ, ಯಾರ ಹೆಸರನ್ನೂ ಕಾಯುವವರ ಪಟ್ಟಿಗೆ ಹಾಕುವುದಿಲ್ಲ. ಹೆತ್ತವರು ಟ್ರಸ್ಟ್ ಕೊಟ್ಟ ಲ್ಯಾಪ್‌ಟಾಪ್ ಕೆಟ್ಟರೆ ಅಂಗಡಿಗೆ ಹಣ ಕೊಡುವ ಮೊದಲು ಕಚೇರಿಗೆ ತಿಳಿಸಬೇಕು. ಓದು ಮುಗಿಸಿ ಲ್ಯಾಪ್‌ಟಾಪ್ ಹಿಂತಿರುಗಿಸುವವರು ಅದರ ಪಾಸ್‌ವರ್ಡ್ ತೆಗೆದು, ಏನಾದರೂ ವಿಶೇಷ ಇದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡಬೇಕು.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಮುಚ್ಚಳ ಸರಿಸಿದ ಆ ದಿನವೇ ನಾನು ಸಮಿತಿಗೆ ಫೋನ್ ಮಾಡಿದೆ, ನಾನು ಬರೆದ ಷರಾ ತಪ್ಪು ಎಂದು ಹೇಳಿದೆ. ಆ ವಾರವೇ ಅವಳ ಸಂದರ್ಶನ ಮತ್ತೊಮ್ಮೆ ಆಯಿತು. ಅವಳು ಈ ಸಲ ಎಲ್ಲ ಪ್ರಶ್ನೆಗೂ ಸಮಾಧಾನವಾಗಿ ಉತ್ತರ ಕೊಟ್ಟಳು, ವೇತನ ಸಿಕ್ಕಿತು. ಕೊನೆಯಲ್ಲಿ ನಾನು ಅವಳಲ್ಲಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್, ನನಗೂ ಗೊತ್ತಿರಲಿಲ್ಲ" ಎಂದಳು. ಆಮೇಲೆ ಅವಳೇ ಒಂದು ಚೀಟಿ ಬರೆದು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿದಳು: "ಇಲ್ಲಿ ಮುಚ್ಚಳ ಇದೆ. ಬಲಕ್ಕೆ ಸರಿಸಿದರೆ ತೆರೆಯುತ್ತದೆ." ಮುಚ್ಚಳ ಇರುವ ಲ್ಯಾಪ್‌ಟಾಪ್‌ಗಳಿಗೆಲ್ಲ ಈಗ ಅಂಥದೇ ಚೀಟಿ ಅಂಟಿಸಿ ಕೊಡುತ್ತಿದ್ದೇವೆ.

ಇವತ್ತು ಅವಳು ಇಲ್ಲೇ ಇದ್ದಾಳೆ. ಊಟ ಆದ ಮೇಲೆ ಹೊರಗಿನ ಜಗಲಿಯಲ್ಲಿ ಒಂದು ಮೇಜು ಹಾಕಿದ್ದೇವೆ. ಅವಳೂ ಇನ್ನಿಬ್ಬರು ವಿದ್ಯಾರ್ಥಿಗಳೂ ನಾನೂ ಅಲ್ಲಿ ಕೂರುತ್ತೇವೆ. ಲ್ಯಾಪ್‌ಟಾಪ್ ತಂದವರು ತೋರಿಸಿ, ತಾರದವರು ಲಕ್ಷಣ ಹೇಳಿ. ಮೊದಲು ಲೈಟ್ ಉರಿಯುತ್ತದೆಯೇ ಎಂದು ಕೇಳುತ್ತೇವೆ, ಉತ್ತರವನ್ನು ಸರಿಯಾಗಿ ಕೇಳಿಸಿಕೊಳ್ಳುತ್ತೇವೆ.